ವಾಯಿದೆಗೆ ಮುಂಚೆ ಸಾಲ ತೀರಿಸುವುದು ಅಪರಾಧವೇ?

ಋಣವನ್ನೂ ರೋಗವನ್ನೂ ಬೆಂಕಿಯನ್ನೂ ಸ್ವಲ್ಪವಾದರೂ ಉಳಿಸಬಾರದೆಂದು ನಮ್ಮ ಹಿರಿಯರು ಮಕ್ಕಳಿಗೆ ಬುದ್ಧಿ ಹೇಳುತ್ತ ಬಂದರು. ಆ ಮಾತನ್ನು ನಂಬಿ, ಹೊಟ್ಟೆಬಟ್ಟೆ ಕಟ್ಟಿ ನಾಲ್ಕು ಕಾಸು ಕೂಡಿಸಿ, ಮೋಟಾರುಗಾಡಿಯ ಮೇಲಿನ ಸಾಲವನ್ನು ವಾಯಿದೆಗೆ ಮುಂಚೆಯೇ ತೀರಿಸಿಬಿಡೋಣವೆಂದು ಫೈನಾನ್ಸ್ ಕಂಪೆನಿಯ ಬಾಗಿಲಿಗೆ ಹೋದ ಗೃಹಸ್ಥನಿಗೆ ಇಂದು ದೊರೆಯುವ ಮರ್ಯಾದೆ ಎಂಥದು? ಬಾಕಿಯ ಲೆಕ್ಕ ಕೊಡಿರೆಂದು ಅವನು ಕೇಳಿದರೆ, ಅಸಲಿನ ಕೆಳಗೆ ಮುಂಚೆ ತೀರಿಸಿದ್ದಕ್ಕೆ ನೂರಕ್ಕೆ ಇಷ್ಟು, ಅದರ ಮೇಲೆ ತೆರಿಗೆ ಇಷ್ಟು, ಎಂದೋ ತಡವಾದ ಕಂತಿಗೆ ದಂಡ ಇಷ್ಟು, ಕಾಗದಪತ್ರದ ಖರ್ಚು ಇಷ್ಟು ಎಂದು ಅವನು ಕನಸಿನಲ್ಲಿಯೂ ಕಾಣದ ಬಾಬುಗಳು ಸಾಲಾಗಿ ಬಂದು ನಿಲ್ಲುತ್ತವೆ. ಸಾಲವನ್ನು ಕೊಡದೆ ಓಡಿಹೋದವನಿಗೆ ದಂಡವುಂಟು, ಸರಿ. ಹಣವನ್ನು ಕೈಯಲ್ಲಿ ಹಿಡಿದುಕೊಂಡು ಬಂದವನಿಗೂ ದಂಡವೇ?

ಈ ವಿಷಯದಲ್ಲಿ ನಮ್ಮ ಕಚೇರಿಗೆ ಬರುವ ದೂರುಗಳೆಲ್ಲವೂ ನ್ಯಾಯವಾದುವೆಂದು ನಾವು ಹೇಳಲಾರೆವು. ಕೆಲವಕ್ಕೆ ಲೆಕ್ಕದ ಅಜ್ಞಾನವೇ ಕಾರಣ. ಕೆಲವಕ್ಕೆ ಕರಾರುಪತ್ರವನ್ನು ಓದದೆ ರುಜುಮಾಡಿದ ಅಲಕ್ಷ್ಯವು ಕಾರಣ. ಆದರೆ ಇವೆರಡನ್ನೂ ಕಳೆದ ಮೇಲೆ ಉಳಿಯುವ ದೂರು ಅಲ್ಪವಲ್ಲ. ಅದಕ್ಕೆ ಕಾರಣ ನಮ್ಮ ಕಾನೂನಿನ ಒಂದು ಲೋಪವೆಂಬುದು ನಮ್ಮ ಅಭಿಪ್ರಾಯ.

ರಿಸರ್ವ್ ಬ್ಯಾಂಕಿನವರು ಸುಮ್ಮನೆ ಕುಳಿತಿಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. 2012ರ ಜೂನ್ ತಿಂಗಳಲ್ಲಿ, ಫ್ಲೋಟಿಂಗ್ ಎಂದು ಕರೆಯುವ ಏರಿಳಿಯುವ ಬಡ್ಡಿಯ ಗೃಹಸಾಲಗಳನ್ನು ಮುಂಚೆ ತೀರಿಸುವವರಿಂದ ಬ್ಯಾಂಕುಗಳು ಯಾವ ಜುಲ್ಮಾನೆಯನ್ನೂ ತೆಗೆದುಕೊಳ್ಳಕೂಡದೆಂದು ಅವರು ಆಜ್ಞೆಮಾಡಿದರು. 2014ರಲ್ಲಿ, ವ್ಯಕ್ತಿಗಳಿಗೆ ಏರಿಳಿಯುವ ಬಡ್ಡಿಯಲ್ಲಿ ಕೊಟ್ಟ ಬೇರೆ ವಾಯಿದೆ ಸಾಲಗಳಿಗೂ, ಫೈನಾನ್ಸ್ ಕಂಪೆನಿಗಳಿಗೂ ಆ ನಿಯಮವು ವಿಸ್ತರಿಸಿತು. 2025ರ ಜುಲೈ 2ರಂದು ಇವೆಲ್ಲವನ್ನೂ ಒಟ್ಟುಗೂಡಿಸಿದ ನಿರ್ದೇಶಗಳು ಪ್ರಕಟವಾಗಿ, 2026ರ ಜನವರಿ 1ರಿಂದೀಚೆಗೆ ಮಂಜೂರಾದ ಅಥವಾ ನವೀಕರಿಸಿದ ಸಾಲಗಳಿಗೆ ಅನ್ವಯಿಸುವಂತಾದುವು. ವ್ಯಾಪಾರಕ್ಕಲ್ಲದೆ ಸ್ವಂತಕ್ಕಾಗಿ ವ್ಯಕ್ತಿಯು ತೆಗೆದ ಏರಿಳಿಯುವ ಬಡ್ಡಿಯ ಸಾಲವನ್ನು ಯಾವಾಗ ತೀರಿಸಿದರೂ, ಆ ಹಣ ಎಲ್ಲಿಂದ ಬಂದರೂ, ಶುಲ್ಕವಿಲ್ಲ. ಇದು ಪ್ರಜೆಗಳಿಗೆ ಒದಗಿದ ದೊಡ್ಡ ಉಪಕಾರ.

ಆದರೆ ಈ ಉಪಕಾರವು ಮೋಟಾರುಗಾಡಿಯ ಮನೆಬಾಗಿಲಿಗೆ ಬಂದು ನಿಂತುಬಿಟ್ಟಿದೆ. ನಮ್ಮ ದೇಶದಲ್ಲಿ ಖಾಸಗಿ ಬ್ಯಾಂಕುಗಳೂ ಫೈನಾನ್ಸ್ ಕಂಪೆನಿಗಳೂ ಮೋಟಾರಿಗೆ ಕೊಡುವ ಸಾಲವು ಬಹುಮಟ್ಟಿಗೆ ನಿಶ್ಚಿತ ಬಡ್ಡಿಯದು. ನಿಶ್ಚಿತ ಬಡ್ಡಿಯ ಸಾಲದ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ನಿರ್ದೇಶವು ಹೇಳುವುದು ಇಷ್ಟೇ: ಆಯಾ ಸಂಸ್ಥೆಯು ತಾನೇ ಮಂಜೂರುಮಾಡಿಕೊಂಡ ಧೋರಣೆಯಂತೆ ಶುಲ್ಕ ತೆಗೆದುಕೊಳ್ಳಬಹುದು, ಆ ಶುಲ್ಕವನ್ನು ಮುಂಚೆ ಕಟ್ಟುವ ಮೊಬಲಗಿನ ಮೇಲೆಯೇ ಲೆಕ್ಕಹಾಕತಕ್ಕದ್ದು, ಮೊದಲೇ ತಿಳಿಸಿರದಿದ್ದರೆ ತೆಗೆದುಕೊಳ್ಳಕೂಡದು. ಎಷ್ಟಕ್ಕೆ ಮೀರಕೂಡದೆಂಬ ಮಿತಿ ಮಾತ್ರ ಇಲ್ಲ. ಮಿತಿಯನ್ನು ಗೊತ್ತುಮಾಡುವ ಅಧಿಕಾರವನ್ನು, ಶುಲ್ಕವನ್ನು ಕೈಗೆ ತೆಗೆದುಕೊಳ್ಳುವವರಿಗೇ ಬಿಟ್ಟಂತಾಯಿತು.

ಇದರಿಂದ ಆಗುವುದೇನೆಂಬುದನ್ನು ಅಂಕಿಗಳಲ್ಲಿ ನೋಡೋಣ. ಒಬ್ಬ ಉಪಾಧ್ಯಾಯನು 6,00,000 ರೂಪಾಯಿ ಸಾಲವನ್ನು ಐದು ವರ್ಷದ ವಾಯಿದೆಗೆ, ಇಳಿಯುವ ಬಾಕಿಯ ಮೇಲೆ ನೂರಕ್ಕೆ 10ರ ನಿಶ್ಚಿತ ಬಡ್ಡಿಯಂತೆ ತೆಗೆದನೆಂದು ಇಟ್ಟುಕೊಳ್ಳೋಣ. ತಿಂಗಳ ಕಂತು 12,748 ರೂಪಾಯಿ ಆಗುತ್ತದೆ; ಐದು ವರ್ಷಕ್ಕೆ ಒಟ್ಟು ಬಡ್ಡಿ ಸುಮಾರು 1,64,900 ರೂಪಾಯಿ. ಇದನ್ನೇ ಅಂಗಡಿಯ ದಲ್ಲಾಳಿಯು 'ಫ್ಲಾಟ್ ಐದೂವರೆ' ಎಂದು ಹೇಳಿ ಮಾರುವುದುಂಟು. ಮೊದಲ ದಿನದ ಪೂರ್ತಿ ಅಸಲಿನ ಮೇಲೆ ಐದೂ ವರ್ಷ ಬಡ್ಡಿ ಹಾಕಿದರೆ ಐದೂವರೆಯೂ, ಇಳಿಯುವ ಬಾಕಿಯ ಮೇಲೆ ಹಾಕಿದರೆ ಹತ್ತೂ ಒಂದೇ ಮೊತ್ತಕ್ಕೆ ಬರುತ್ತವೆಂಬುದು ಎಷ್ಟು ಜನಕ್ಕೆ ಗೊತ್ತು? ಐದೂವರೆಯ ಸಾಲವೆಂದು ಹಿಗ್ಗಿ ಬಂದವನು ಹತ್ತರ ಸಾಲವನ್ನು ಹೊತ್ತುಕೊಂಡು ಹೋಗುತ್ತಾನೆ.

ಎರಡು ವರ್ಷ ಕಳೆದು 24 ಕಂತು ಸಂದಾಯವಾದುವು. ಅರವತ್ತರಲ್ಲಿ ಇಪ್ಪತ್ತನಾಲ್ಕು ಕಟ್ಟಿದ್ದೇನೆ, ಆರು ಲಕ್ಷದಲ್ಲಿ 2,40,000 ತೀರಿತು, ಇನ್ನುಳಿದದ್ದು 3,60,000 ಎಂದು ನಮ್ಮ ಉಪಾಧ್ಯಾಯನು ಲೆಕ್ಕಹಾಕಿಕೊಂಡು ಹೋಗುತ್ತಾನೆ. ಕಂಪೆನಿಯ ಗುಮಾಸ್ತನು 3,95,082 ಎನ್ನುತ್ತಾನೆ. ಇಲ್ಲಿಯೇ ಜಗಳ ಹತ್ತಿಕೊಳ್ಳುತ್ತದೆ. ಆದರೆ ಈ ಜಗಳದಲ್ಲಿ ಗುಮಾಸ್ತನ ಮಾತೇ ಸರಿ. ಮೊದಲ ಕಂತುಗಳಲ್ಲಿ ಬಡ್ಡಿಯ ಭಾಗ ಹೆಚ್ಚು, ಅಸಲಿನ ಭಾಗ ಕಡಮೆ. ಎರಡು ವರ್ಷದಲ್ಲಿ ಕಟ್ಟಿದ ಸುಮಾರು 3,05,950 ರೂಪಾಯಿಯಲ್ಲಿ 1,01,000ಕ್ಕೆ ಮಿಕ್ಕು ಬಡ್ಡಿಗೇ ಹೋಯಿತು. ಇದು ಮೋಸವಲ್ಲ, ಲೆಕ್ಕ. ವಾಚಕರು ಈ ವಿಷಯದಲ್ಲಿ ಕಂಪೆನಿಗಳನ್ನು ದೂರಬಾರದು.

ದೂರಬೇಕಾದದ್ದು ಇದರ ಮುಂದೆ ಇದೆ. ಮುಂಚೆ ಮುಗಿಸುವ ಶುಲ್ಕವು ಬಾಕಿಯ ಮೇಲೆ ಸಾಮಾನ್ಯವಾಗಿ ನೂರಕ್ಕೆ 3ರಿಂದ 6ರ ವರೆಗೆ ಇರುತ್ತದೆ. ನೂರಕ್ಕೆ 5 ಎಂದು ಹಿಡಿದರೆ 19,754 ರೂಪಾಯಿ. ಅದರ ಮೇಲೆ ನೂರಕ್ಕೆ 18ರ ಜಿ.ಎಸ್.ಟಿ. 3,556 ರೂಪಾಯಿ, ಒಟ್ಟು 23,310 ರೂಪಾಯಿ. ಉಳಿದ ಮೂರು ವರ್ಷವೂ ಕಂತು ಕಟ್ಟುತ್ತ ಹೋಗಿದ್ದರೆ ಅವನು ಕೊಡಬೇಕಾಗಿದ್ದ ಬಡ್ಡಿ ಸುಮಾರು 63,850. ಅಂದರೆ ಮೂರು ವರ್ಷ ಮುಂಚೆ ಅಸಲನ್ನು ತಂದೊಪ್ಪಿಸಿದವನಿಗೆ ಆದ ಉಳಿತಾಯದಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಕಡಿದುಹೋಯಿತು.

ಕಂಪೆನಿಗಳ ಪಕ್ಷದಲ್ಲಿಯೂ ಹೇಳಲು ಮಾತಿಲ್ಲದೆ ಇಲ್ಲ. ತಾವು ಐದು ವರ್ಷದ ಬಡ್ಡಿಯನ್ನು ನೆಚ್ಚಿ ಬೇರೆಯವರಲ್ಲಿ ಹಣ ತಂದಿದ್ದೇವೆ. ಆ ಹಣಕ್ಕೆ ತಾವು ಕೊಡಬೇಕಾದ ಬಡ್ಡಿ ನಿಲ್ಲುವುದಿಲ್ಲ. ಗಿರಾಕಿಯನ್ನು ಕರೆತಂದ ದಲ್ಲಾಳಿಗೆ ಕಮಿಷನ್ ಕೊಟ್ಟಾಗಿದೆ. ಪೇಟೆಯಲ್ಲಿ ಬಡ್ಡಿ ಇಳಿದಾಗಲೇ ಸಾಲಿಗನು ತೀರಿಸಲು ಬರುತ್ತಾನೆ, ಆಗ ಮರಳಿ ಬಂದ ಹಣವನ್ನು ಕಡಮೆ ಬಡ್ಡಿಗೆ ಕೊಡಬೇಕಾಗುತ್ತದೆ ಎಂದು ಅವರು ಹೇಳುತ್ತಾರೆ. ಇವೆಲ್ಲ ನಿಜವಾದ ನಷ್ಟಗಳು. ನಿಜವಾದ ನಷ್ಟವನ್ನು ತುಂಬಿಕೊಡಬಾರದೆಂದು ನಾವು ಎಂದಿಗೂ ಹೇಳೆವು. ಕೊಟ್ಟ ಮಾತಿಗೆ ಬೆಲೆಯಿಲ್ಲದಿದ್ದರೆ ಲೇವಾದೇವಿಯೇ ನಡೆಯಲಾರದು. ಲೇವಾದೇವಿ ನಿಂತರೆ ಮೊದಲು ಕಷ್ಟಕ್ಕೆ ಸಿಕ್ಕುವವನು ಬಡವನೇ.

ಆದರೆ ನಷ್ಟವೆಂಬ ಮಾತಿಗೆ ಒಂದು ಅಳತೆ ಬೇಡವೇ? ಮೇಲಿನ ಸಾಲದಲ್ಲಿಯೇ ಇನ್ನು ಆರು ಕಂತು ಮಾತ್ರ ಉಳಿದಿದೆಯೆಂದು ತಿಳಿಯೋಣ. ಆಗ ಬಾಕಿ ಸುಮಾರು 74,300 ರೂಪಾಯಿ. ಆ ಆರು ತಿಂಗಳಲ್ಲಿ ಬರಬೇಕಾದ ಬಡ್ಡಿಯೆಲ್ಲ ಸೇರಿ 2,183 ರೂಪಾಯಿ. ಶುಲ್ಕವನ್ನು ನೂರಕ್ಕೆ ಬರಿಯ 3ರಂತೆ ಹಾಕಿದರೂ 2,229 ರೂಪಾಯಿ. ತೆರಿಗೆಯೂ ಸೇರಿದರೆ 2,630. ಸುಮ್ಮನೆ ಕಂತು ಕಟ್ಟುತ್ತ ಕುಳಿತವನಿಗಿಂತ, ಇಂದೇ ಹಣವನ್ನು ಎಣಿಸಿಕೊಟ್ಟವನು ಸುಮಾರು 450 ರೂಪಾಯಿ ಹೆಚ್ಚಾಗಿ ಕೊಡಬೇಕಾಗುತ್ತದೆ! ಹಣವೂ ಬೇಗ ಬಂತು, ಮುಳುಗುವ ಭಯವೂ ತಪ್ಪಿತು, ಬರಬೇಕಾದ ಬಡ್ಡಿಗಿಂತ ಹೆಚ್ಚೂ ಕೈಗೆ ಸೇರಿತು. ಇದನ್ನು ನಷ್ಟಪರಿಹಾರವೆಂದು ಯಾವ ನ್ಯಾಯಾಧಿಪತಿಯು ಕರೆದಾನು? ಇದು ದಂಡ, ಋಣಮುಕ್ತನಾಗಬೇಕೆಂದು ಆಶೆಪಟ್ಟದ್ದಕ್ಕೆ ವಿಧಿಸಿದ ದಂಡ.

1872ರ ಕರಾರು ಕಾನೂನಿನ 74ನೆಯ ಪ್ರಕರಣವು, ಕರಾರಿನಲ್ಲಿ ಎಷ್ಟೇ ದಂಡವನ್ನು ಬರೆದಿದ್ದರೂ, ಕರಾರು ಮುರಿದಾಗ ಯುಕ್ತವಾದ ಪರಿಹಾರವನ್ನು ಮಾತ್ರ ಕೊಡಿಸತಕ್ಕದ್ದೆಂದು ಹೇಳುತ್ತದೆ. 1963ರ ಫತೇಚಂದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ತತ್ತ್ವವನ್ನು ಎತ್ತಿಹಿಡಿಯಿತು. ಮುಂಚೆ ತೀರಿಸುವುದು ಕರಾರಿನ ಭಂಗವೇ ಅಲ್ಲ, ಕರಾರೇ ಕೊಟ್ಟ ಒಂದು ಅನುಕೂಲ, ಶುಲ್ಕವು ಆ ಅನುಕೂಲದ ಬೆಲೆ ಎಂದು ಕಂಪೆನಿಗಳ ವಕೀಲರು ಇದಕ್ಕೆ ಉತ್ತರ ಹೇಳುವರು. ಹಾಗಾದರೆ ವಿಚಿತ್ರವಾದ ನ್ಯಾಯವಾಯಿತು: ಮಾತು ತಪ್ಪಿದವನಿಗೆ ಕಾನೂನಿನ ರಕ್ಷಣೆಯುಂಟು, ಮಾತಿಗಿಂತ ಮುಂಚೆ ನಡೆದುಕೊಂಡವನಿಗೆ ಇಲ್ಲ!

ಇನ್ನು ಚಿಲ್ಲರೆ ಬಾಬುಗಳ ವಿಷಯ. ಲೆಕ್ಕದ ಕೊನೆಯ ಹಾಳೆಯಲ್ಲಿ ಮೆಲ್ಲಗೆ ಬಂದು ಕೂರುವ ಇವುಗಳಲ್ಲಿ ಅನೇಕವನ್ನು ಈಗಿರುವ ನಿಯಮಗಳೇ ನಿಷೇಧಿಸಿವೆ. ತಡವಾದ ಕಂತಿಗೆ ಹಾಕುವ ದಂಡವನ್ನು ಬಡ್ಡಿಯ ದರಕ್ಕೆ ಸೇರಿಸಕೂಡದು, ಅದರ ಮೇಲೆ ಮತ್ತೆ ಬಡ್ಡಿಯನ್ನು ಹಾಕಕೂಡದು ಎಂದು ರಿಸರ್ವ್ ಬ್ಯಾಂಕಿನವರು 2023ರ ಆಗಸ್ಟ್ 18ರಂದು ಆಜ್ಞೆಮಾಡಿದರು. ಈ ದಂಡದ ಮೇಲೆ ಜಿ.ಎಸ್.ಟಿ. ಇಲ್ಲವೆಂದು ತೆರಿಗೆಯ ಮಂಡಳಿಯವರು 2025ರ ಜನವರಿ 28ರಂದು ಸ್ಪಷ್ಟಪಡಿಸಿದರು. ತಿಂಗಳ ನಡುವೆ ಸಾಲ ತೀರಿಸಿದವನಿಂದ ತಿಂಗಳು ಪೂರ್ತಿಯ ಬಡ್ಡಿ ವಸೂಲು ಮಾಡುವುದು, ಹಣ ಕೈಗೆ ಕೊಡುವ ಮುಂಚಿನ ದಿನಗಳಿಗೂ ಬಡ್ಡಿ ಎಣಿಸುವುದು ಅನ್ಯಾಯವೆಂದು 2024ರ ಏಪ್ರಿಲ್ 29ರ ಸುತ್ತೋಲೆಯು ಹೆಸರಿಟ್ಟು ಹೇಳಿತು. 2024ರ ಅಕ್ಟೋಬರ್ 1ರಿಂದ ಕೊಡುವ ಇಂಥ ಪ್ರತಿಯೊಂದು ಹೊಸ ಸಾಲಕ್ಕೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಮುಖ್ಯಾಂಶಪಟ್ಟಿಯನ್ನು ಕೊಡಲೇಬೇಕು. ಅದರಲ್ಲಿ ಎಲ್ಲ ಖರ್ಚೂ ಸೇರಿದ ವಾರ್ಷಿಕ ದರವೂ, ಮುಂಚೆ ಮುಗಿಸುವ ಶುಲ್ಕವೂ ಇರತಕ್ಕದ್ದು. ಅದರಲ್ಲಿ ಬರೆಯದ ಶುಲ್ಕವನ್ನು ಸಾಲಿಗನ ಸ್ಪಷ್ಟ ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳುವಂತಿಲ್ಲ.

ಆ ಪಟ್ಟಿಯು ಸಾಲಿಗನಿಗೆ ತಿಳಿಯುವ ಭಾಷೆಯಲ್ಲಿರಬೇಕೆಂಬುದೂ ಆ ನಿಯಮದಲ್ಲಿಯೇ ಇದೆ. ನಮ್ಮ ವಾಚಕರಲ್ಲಿ ಎಷ್ಟು ಮಂದಿ ಅದನ್ನು ಕನ್ನಡದಲ್ಲಿ ಕಂಡಿದ್ದಾರೆ? ಗಾಡಿಯನ್ನು ಮಾರುವಾಗ ಕನ್ನಡದಲ್ಲಿ ಸೊಗಸಾಗಿ ಮಾತನಾಡುವ ಕಂಪೆನಿಗಳು ರುಜು ಹಾಕಿಸಿಕೊಳ್ಳುವಾಗ ಇರುವೆಯ ಸಾಲಿನಂಥ ಇಂಗ್ಲಿಷ್ ಅಕ್ಷರಗಳ ಮರೆಯಲ್ಲಿ ನಿಲ್ಲುವುದು ಏತಕ್ಕೆ? ಭಾಷೆಯ ಅಭಿಮಾನದ ಮಾತು ಹಾಗಿರಲಿ. ತಿಳಿಯದ ಭಾಷೆಯಲ್ಲಿ ಕೊಟ್ಟ ತಿಳಿವಳಿಕೆಯು ತಿಳಿವಳಿಕೆಯೇ ಅಲ್ಲ.

ಕಾನೂನಿನ ಲೋಪವೆಂದು ನಾವು ಮೊದಲು ಹೇಳಿದೆವಷ್ಟೆ. ಅದರ ಚರಿತ್ರೆಯನ್ನು ಕೇಳಿದರೆ ವಾಚಕರು ಆಶ್ಚರ್ಯಪಡುವರು. ಬಾಡಿಗೆ-ಖರೀದಿಯ ಕರಾರುಗಳಿಗೆ ಒಂದು ಕಾನೂನು ಬೇಕೆಂದು ಲಾ ಕಮಿಷನ್ನಿನವರು 1961ರಲ್ಲಿಯೇ ವರದಿ ಕೊಟ್ಟರು. 1972ರಲ್ಲಿ ಪಾರ್ಲಿಮೆಂಟು ಅದನ್ನು ಮಾಡಿತು. ಹದಿನಾಲ್ಕು ದಿನದ ನೋಟೀಸು ಕೊಟ್ಟು, ಯಾವಾಗ ಬೇಕಾದರೂ ಉಳಿದ ಹಣವನ್ನು ಕಟ್ಟಿ ಸ್ವತ್ತನ್ನು ತನ್ನದಾಗಿ ಮಾಡಿಕೊಳ್ಳುವ ಹಕ್ಕನ್ನು ಆ ಕಾನೂನು ಗಿರಾಕಿಗೆ ಕೊಟ್ಟಿತ್ತು. ಹಾಗೆ ಮಾಡಿದವನಿಗೆ ಇನ್ನೂ ವಾಯಿದೆ ಬಾರದ ಕಂತುಗಳ ಪಾಲಿನ ಬಡ್ಡಿಯಲ್ಲಿ ಮೂರರಲ್ಲೆರಡು ಭಾಗವನ್ನು ಬಿಟ್ಟುಕೊಡಬೇಕೆಂದು ಅಳತೆಯನ್ನೂ ಹಾಕಿತ್ತು. ಬೇಡವಾದರೆ ಸ್ವತ್ತನ್ನು ಹಿಂದಕ್ಕೆ ಒಪ್ಪಿಸಿ ಕರಾರನ್ನು ಮುಗಿಸುವ ದಾರಿಯೂ ಇತ್ತು. ಆದರೆ ಆ ಕಾನೂನು ಒಂದು ದಿನವೂ ಜಾರಿಗೆ ಬರಲಿಲ್ಲ. ಜಾರಿಯ ದಿನವನ್ನು 1973ರಲ್ಲಿ ಗೊತ್ತುಮಾಡಿ ಹಿಂತೆಗೆದುಕೊಂಡರು. ಮೂವತ್ತಕ್ಕೂ ಹೆಚ್ಚು ವರ್ಷ ಅದು ಕಪಾಟಿನಲ್ಲಿ ಧೂಳು ತಿಂದಿತು. 2005ರಲ್ಲಿ ಅದನ್ನು ರದ್ದುಮಾಡಿದರು. ಹುಟ್ಟುವ ಮೊದಲೇ ಮುದಿಯಾಗಿ ಸತ್ತ ಕಾನೂನು ಇದು. ಇಂದಿನ ಮೋಟಾರು ಸಾಲವು ಬಹುತೇಕ ಬಾಡಿಗೆ-ಖರೀದಿಯಲ್ಲ, ಗಾಡಿಯು ಸಾಲಿಗನ ಹೆಸರಿನಲ್ಲಿದ್ದು ಸಾಲಕ್ಕೆ ಒತ್ತೆಯಾಗಿರುವ ಹೈಪಾಥಿಕೇಷನ್ ಎಂಬುದು ನಿಜ. ಆದರೂ ಮುಂಚೆ ಮುಗಿಸುವುದು ಹಕ್ಕು, ಅದಕ್ಕೆ ಅಳತೆಯುಂಟು ಎಂಬ ತತ್ತ್ವವು ಆ ಕಾನೂನಿನಲ್ಲಿತ್ತು. ಅದರೊಂದಿಗೆ ಅದೂ ಹೋಯಿತು.

ಆ ಕಾನೂನಿನ ಮೂಲವೆಲ್ಲಿ? ಇಂಗ್ಲೆಂಡಿನಲ್ಲಿ. 1932ರಲ್ಲಿ ಇಂಡಿಯಾ ಲೀಗಿನ ನಿಯೋಗದಲ್ಲಿ ನಮ್ಮ ದೇಶಕ್ಕೆ ಬಂದು ಹೋದ ಎಲೆನ್ ವಿಲ್ಕಿನ್‌ಸನ್ ಎಂಬ ಮಹಿಳೆಯು ಅಲ್ಲಿಯ ಪಾರ್ಲಿಮೆಂಟಿನಲ್ಲಿ ಮಂಡಿಸಿದ ಮಸೂದೆಯೇ 1938ರ ಬಾಡಿಗೆ-ಖರೀದಿ ಕಾನೂನಾಯಿತು. ಬೆಲೆಯ ಅರ್ಧ ಸಂದಾಯವಾದರೆ ಸ್ವತ್ತನ್ನು ಒಪ್ಪಿಸಿ ಕರಾರಿನಿಂದ ಬಿಡುಗಡೆ ಹೊಂದಬಹುದೆಂಬ ನಿಯಮವು ಅಂದಿನದು. 1974ರ ಅಲ್ಲಿಯ ಸಾಲದ ಕಾನೂನಿನಲ್ಲಿಯೂ ಅದು ಮುಂದುವರಿಯಿತು. ಅಲ್ಲಿಯೂ ಒಪ್ಪಿಸಿದ ಗಾಡಿಯ ಮೇಲಣ ಗೀರಿಗೆ, ಹೆಚ್ಚಾಗಿ ಓಡಿದ ಮೈಲಿಗೆ ಎಂದು ಹಣ ಕೇಳುವ ಜಗಳಗಳಿಲ್ಲದೆ ಇಲ್ಲ. ಆದರೆ ಕೈಯಲ್ಲಿ ಹಕ್ಕನ್ನು ಹಿಡಿದು ಜಗಳವಾಡುವುದಕ್ಕೂ ಬರಿಗೈಯಲ್ಲಿ ಅಂಗಲಾಚುವುದಕ್ಕೂ ಭೇದವಿದೆ. ನಿಶ್ಚಿತ ಬಡ್ಡಿಯ ಸಾಲವನ್ನು ಮುಂಚೆ ತೀರಿಸಿದರೆ ವಸೂಲು ಮಾಡಬಹುದಾದ ಪರಿಹಾರಕ್ಕೆ ಯೂರೋಪಿನ ಒಕ್ಕೂಟದವರು 2008ರ ನಿರ್ದೇಶದಲ್ಲಿ ಮಿತಿ ಹಾಕಿದರು: ವಾಯಿದೆಗೆ ಒಂದು ವರ್ಷಕ್ಕೆ ಮೇಲ್ಪಟ್ಟು ಉಳಿದಿದ್ದರೆ ನೂರಕ್ಕೆ 1, ಅದಕ್ಕಿಂತ ಕಡಮೆಯಿದ್ದರೆ ನೂರಕ್ಕೆ ಅರ್ಧ, ಏನೇ ಆದರೂ ಉಳಿದ ಬಡ್ಡಿಗೆ ಮೀರಕೂಡದು. ನಮ್ಮ ಉಪಾಧ್ಯಾಯನು ಆ ನಿಯಮದ ಕೆಳಗೆ ಇದ್ದಿದ್ದರೆ 19,754ರ ಬದಲು ಸುಮಾರು 3,950 ರೂಪಾಯಿಗೆ ಮೀರಿ ಅವನನ್ನು ಯಾರೂ ಕೇಳುವಂತಿರಲಿಲ್ಲ. ಇದರಿಂದ ಅಲ್ಲಿಯ ಬ್ಯಾಂಕುಗಳು ಬಾಗಿಲು ಮುಚ್ಚಲಿಲ್ಲ.

ನಾವು ಪರದೇಶದವರನ್ನು ಕಣ್ಣುಮುಚ್ಚಿ ಅನುಸರಿಸಬೇಕೆಂದು ಹೇಳುವವರಲ್ಲ. ಬಡ್ಡಿಯು ಅಸಲನ್ನು ಮೀರಿ ಬೆಳೆಯಕೂಡದೆಂಬ ದಾಮದುಪ್ಪಟ್ಟಿನ ನಿಯಮವನ್ನು ನಮ್ಮ ಧರ್ಮಶಾಸ್ತ್ರಕಾರರು ಎಂದೋ ಹಾಕಿದ್ದರು. ಮುಂಬಯಿ ಆಧಿಪತ್ಯದಲ್ಲಿದ್ದ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳಿಗೆ ಅದು ಕೋರ್ಟುಗಳು ಮನ್ನಿಸಿದ ಹಿಂದೂ ನ್ಯಾಯವಾಗಿತ್ತು. ಸಾಹುಕಾರನ ಲಾಭಕ್ಕೆ ಒಂದು ಎಲ್ಲೆ ಇರಬೇಕೆಂಬ ವಿಚಾರವು ಈ ನಾಡಿಗೆ ಹೊರಗಿನಿಂದ ಬಂದುದಲ್ಲ.

2019ರ ಗ್ರಾಹಕ ರಕ್ಷಣಾ ಕಾನೂನು ಈ ದಿಕ್ಕಿನಲ್ಲಿ ಅರ್ಧ ದಾರಿ ನಡೆದಿದೆ. ಅನ್ಯಾಯದ ಕರಾರು ಎಂದರೇನೆಂದು ಹೇಳುವಲ್ಲಿ, ಸಲ್ಲತಕ್ಕ ದಂಡವನ್ನು ಕೊಟ್ಟರೂ ಸಾಲವನ್ನು ಮುಂಚೆ ತೀರಿಸಿಕೊಳ್ಳಲು ಒಪ್ಪದಿರುವುದನ್ನು ಅದು ಸೇರಿಸಿದೆ. ಆದರೆ ಸಲ್ಲತಕ್ಕ ದಂಡವೆಷ್ಟೆಂಬುದನ್ನು ಹೇಳಲಿಲ್ಲ. ಅದೂ ಅಲ್ಲದೆ, ಅನ್ಯಾಯದ ಕರಾರಿನ ದೂರನ್ನು ಜಿಲ್ಲಾ ಆಯೋಗದ ಮುಂದೆ ತರುವಂತಿಲ್ಲ. ರಾಜ್ಯ ಆಯೋಗದ ಮುಂದೆಯೇ ತರಬೇಕು. ಇಪ್ಪತ್ತು ಸಾವಿರ ರೂಪಾಯಿಯ ವ್ಯಾಜ್ಯಕ್ಕಾಗಿ ತನ್ನ ಊರಿನ ಆಯೋಗವನ್ನು ಬಿಟ್ಟು ರಾಜ್ಯ ಆಯೋಗದ ವರೆಗೆ ಅಲೆಯುವವರು ಯಾರು? ಇದು ಬಾಗಿಲನ್ನು ತೆರೆದು ಮೆಟ್ಟಿಲನ್ನು ತೆಗೆದಂತೆ.

ಆದುದರಿಂದ ನಾವು ಕೇಳುವುದು ಮೂರು. ಮೊದಲನೆಯದಾಗಿ, ನಿಶ್ಚಿತ ಬಡ್ಡಿಯ ಸಾಲಗಳಿಗೂ ರಿಸರ್ವ್ ಬ್ಯಾಂಕಿನವರು ಶುಲ್ಕದ ಮಿತಿಯನ್ನು ಗೊತ್ತುಮಾಡಬೇಕು. ವಾಯಿದೆ ಸವೆದಂತೆಲ್ಲ ಅದು ಇಳಿಯಬೇಕು. ಯಾವ ಕಾರಣಕ್ಕೂ ಉಳಿದ ಬಡ್ಡಿಯನ್ನು ಮೀರಕೂಡದು. ಎರಡನೆಯದಾಗಿ, ಮುಂಚೆ ತೀರಿಸುವ ಹಕ್ಕನ್ನು ಪಾರ್ಲಿಮೆಂಟು ಕಾನೂನಿನಲ್ಲಿಯೇ ಬರೆಯಬೇಕು. ಸುತ್ತೋಲೆಯಿಂದ ಬಂದದ್ದು ಸುತ್ತೋಲೆಯಿಂದಲೇ ಹೋದೀತು. ಮೂರನೆಯದಾಗಿ, ಇಂಥ ಸಣ್ಣ ವ್ಯಾಜ್ಯಗಳನ್ನು ಜಿಲ್ಲಾ ಆಯೋಗಗಳೇ ವಿಚಾರಿಸುವಂತೆ ತಿದ್ದುಪಡಿಯಾಗಬೇಕು.

ಕಾನೂನು ಬರುವ ವರೆಗೆ ನಮ್ಮ ವಾಚಕರು ಕೈಕಟ್ಟಿ ಕೂರಬೇಕಾಗಿಲ್ಲ. ರುಜು ಹಾಕುವ ಮುಂಚೆ ಮುಖ್ಯಾಂಶಪಟ್ಟಿಯನ್ನು ಕನ್ನಡದಲ್ಲಿ ಕೇಳಿರಿ; ಅದನ್ನು ಓದಿ ನಿರ್ಧರಿಸಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವು ನಿಮಗೆ ನಿಯಮದಿಂದಲೇ ಉಂಟು. ತೀರಿಸುವಾಗ ಬಾಬುಬಾಬಾಗಿ ಬರೆದ ಲೆಕ್ಕವನ್ನು ಕೇಳಿರಿ, ಬಾಯಿಮಾತನ್ನು ನಂಬಬೇಡಿರಿ. ತಕರಾರಿರುವ ಬಾಬನ್ನು ಕಟ್ಟಲೇಬೇಕಾಗಿ ಬಂದರೆ, ಆಕ್ಷೇಪಣೆಯೊಡನೆ ಕಟ್ಟಿರುವುದಾಗಿ ಬರೆದುಕೊಟ್ಟು ರಸೀದಿ ಪಡೆಯಿರಿ. ಕಂಪೆನಿಯು ದೂರಿಗೆ 30 ದಿನದೊಳಗೆ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರವು ಸಮಾಧಾನಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಬರೆಯಿರಿ; ಅದಕ್ಕೆ ಶುಲ್ಕವಿಲ್ಲ. ಹಣ ಸಂದ ಮೇಲೆ ಎನ್.ಓ.ಸಿ.ಯನ್ನೂ, ಕಂಪೆನಿಯವರ ರುಜುವಿರುವ 35ನೆಯ ನಮೂನೆಯನ್ನೂ ಪಡೆದು ಆರ್.ಟಿ.ಓ. ಕಚೇರಿಯಲ್ಲಿ ಹೈಪಾಥಿಕೇಷನ್ನಿನ ನಮೂದನ್ನು ತೆಗೆಸಲು ಮರೆಯಬೇಡಿರಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಕಾಗದಪತ್ರಗಳನ್ನು ಹಿಂದಿರುಗಿಸದಿದ್ದರೆ, ತಡವು ತಮ್ಮದಾದ ಪಕ್ಷದಲ್ಲಿ ದಿನಕ್ಕೆ 5,000 ರೂಪಾಯಿಯಂತೆ ಸಾಲಕೊಟ್ಟವರೇ ತೆರಬೇಕೆಂದು 2023ರ ಸೆಪ್ಟೆಂಬರ್ 13ರ ಸುತ್ತೋಲೆಯು ವಿಧಿಸಿದೆ. ಈ ಒಂದು ಅಂಕಿಯನ್ನು ಗುಮಾಸ್ತನ ಮುಂದೆ ಮೆಲ್ಲಗೆ ಉಚ್ಚರಿಸಿದರೆ ಎಷ್ಟೋ ಕಡತಗಳು ತಾವಾಗಿಯೇ ಚಲಿಸುವುವು.

ಅಧಿಕಾರಿಗಳಲ್ಲಿಯೂ ನಮ್ಮದೊಂದು ಬಿನ್ನಹವುಂಟು. ನಮೂನೆ ಸರಿಯಾಗಿರುವ ಅರ್ಜಿಯನ್ನು ಆರ್.ಟಿ.ಓ. ಕಚೇರಿಯಲ್ಲಿ ವಾರಗಟ್ಟಲೆ ಇರಿಸಿಕೊಂಡರೆ, ಕಂಪೆನಿಯಿಂದ ಬಿಡುಗಡೆ ಹೊಂದಿದವನು ಸರಕಾರದ ಕೈಯಲ್ಲಿ ಮತ್ತೆ ಸೆರೆಯಾದಂತೆ. ಸಾಲ ತೀರಿತೆಂಬ ನಮೂದು ಗಾಡಿಯ ಪುಸ್ತಕದಲ್ಲಿ ಬೀಳುವ ವರೆಗೆ ಅವನು ಅದನ್ನು ನಿಶ್ಚಿಂತೆಯಿಂದ ಮಾರಲಾರನು.

ಸಾಲವನ್ನು ಕೇಳಿದಾಗ ಹೂವಿನ ಹಾರ ಹಾಕಿ ಬೀಗದಕೈ ಒಪ್ಪಿಸುವ ಸಂಸ್ಥೆಗಳು, ಅದನ್ನು ತೀರಿಸಲು ಬಂದಾಗ ಒಂದು ನೇರವಾದ ಲೆಕ್ಕವನ್ನಾದರೂ ಕೊಡಲಿ. ಪ್ರಾಮಾಣಿಕನಾಗಿ ತೀರಿಸುವ ಸಾಲಿಗನೇ ಈ ವ್ಯಾಪಾರದ ಬಂಡವಾಳ. ಅವನನ್ನು ದಂಡಿಸಿ ಗಳಿಸಿದ ಲಾಭವು ಬಹುಕಾಲ ಬಾಳದೆಂದು ನಾವು ಲೇವಾದೇವಿಯವರಿಗೆ ಅವರ ಹಿತಕ್ಕಾಗಿಯೇ ಹೇಳುತ್ತೇವೆ.